ಕಂಡರಷ್ಟೇ ಮಾತು

ಇಂಟರ್ನೆಟ್ಟಿಗೆ ಹಾಕಿದ ಡಿಶ್ಶಿನ ಮೇಲೆ ಮಂಗ ಕೂರಬಹುದಿತ್ತು. ಹಂಪಿಯ ಕಡೆಯಿಂದ ಬಂದು ಊರೊಳಗೆ ನೆಲೆಸಿದ ಮಂಗಗಳು ಆಗಲೇ ನಮ್ಮ ಓಣಿಯ ಕೇಬಲ್ ಟೀವಿ ವೈರನ್ನು ಜೋಕಾಲಿ ಮಾಡಿಕೊಂಡಿದ್ದವು. ಆಷಾಢದ ಗಾಳಿಗೆ ಡಿಶ್ಶು ಹೊತ್ತ ಪೈಪು ಬೆರಳಿನಷ್ಟು ತಿರುಗಿದರೂ ಸಾಕಿತ್ತು, ಗುಡ್ಡದ ಮೇಲಿನ ಟವರಿಗೂ ನಮಗೂ ಸಂಬಂಧ ಹರಿಯುತ್ತಿತ್ತು. ಮಳೆ ಬಂದರೆ ಸಿಗ್ನಲ್ ಸೊರಗುತ್ತದಂತೆ. ಮಳೆ ಬರದಿದ್ದರೆ ಸಂಡೂರಿನಿಂದ ಬರುವ ಅದಿರಿನ ಲಾರಿಗಳ ಧೂಳು ಡಿಶ್ಶಿಗೆ ಮೆತ್ತಿಕೊಳ್ಳುತ್ತದಂತೆ. ಕರೆಂಟು ಹೋಗಬಹುದಿತ್ತು, ಹೋಗದಿದ್ದರೇ ಆಶ್ಚರ್ಯ. ಟವರಿನ ಜನರೇಟರಿಗೆ ಡೀಸೆಲ್ ತೀರಬಹುದಿತ್ತು. ನನ್ನ ಆಫೀಸಿನಿಂದ ಕೇಳಿ ತಂದ ಕಂಪ್ಯೂಟರು ಆಟೋದಲ್ಲಿ ಕುಲುಕಿ ಕೆಟ್ಟಿರಬಹುದಿತ್ತು. ಪಕ್ಕದ ಮನೆಯವರ ಪುಣೆಯ ಅಳಿಯ ಕೊನೇ ಗಳಿಗೆಯಲ್ಲಿ ಬೇಡ ಎನ್ನಬಹುದಿತ್ತು. ಎದುರುಮನೆಯ ಲಾರಿ ಮಾಲೀಕನ ಮನಸ್ಸು ಬದಲಾಗಿ, ತನ್ನ ಮಾಳಿಗೆಯ ಮೇಲಿನ ಪೈಪನ್ನು ಕಿತ್ತು ಒಗೆಯಬಹುದಿತ್ತು.

ಇಷ್ಟನ್ನೂ ಮೊದಲೇ ಯೋಚಿಸಿ, ಒಂದೊಂದಕ್ಕೂ ಬೇರೆಬೇರೆಯಾಗಿ ಹೆದರಿ, ಬೀಪಿ ಗುಳಿಗೆ ನುಂಗಿ ಕೂತಿದ್ದೆ. ಹೆದರುವ ವಿಷಯದಲ್ಲಿ ನಾನು ಬಹಳ ಶಿಸ್ತಿನ ಮನುಷ್ಯ. ಆದರೆ ಆ ದಿನದ ಹೆದರಿಕೆ ನನಗಾಗಿ ಅಲ್ಲ. ಹೊಸಪೇಟೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕನಿಗಾಗಿ. ಹೋದ ತಿಂಗಳು ಅವರು ತೀರಿಕೊಂಡರು. ಅವತ್ತಿನಿಂದ ನನಗೆ ಆ ಡಿಶ್ಶಿನದೇ ನೆನಪು.

ಅವರಿಗೊಂದು ಹೆಸರಿತ್ತು. ಹುಟ್ಟಿದಾಗಿನಿಂದ ಕಿವಿ ಕೇಳದ ಅವರು ಆ ಹೆಸರನ್ನು ಒಮ್ಮೆಯೂ ಕೇಳಿರಲಿಲ್ಲ. ಅವರೇ ಕೇಳದ ಹೆಸರನ್ನು ನಾನಿಲ್ಲಿ ಬರೆಯುವುದು ಯಾಕೋ ಸರಿಯೆನಿಸುವುದಿಲ್ಲ. ಓಣಿಯವರು ಎದುರಿಗೆ ಅಕ್ಕ ಅನ್ನುತ್ತಿದ್ದರು. ಬೆನ್ನ ಹಿಂದೆ ಅನ್ನುತ್ತಿದ್ದುದನ್ನು ಎದುರಿಗೇ ಅಂದಿದ್ದರೂ ಅವರಿಗೆ ಕೇಳುತ್ತಿರಲಿಲ್ಲ. ಆದರೆ ಅನ್ನುವವರ ಮುಖ ನೋಡಿದರೆ ಅವರಿಗೆ ಗೊತ್ತಾಗಿಬಿಡುತ್ತಿತ್ತು, ಹಾಗಾಗಿ ಯಾರಿಗೂ ಧೈರ್ಯವಿರಲಿಲ್ಲ.

ಓಣಿಯವರಿಗೆಲ್ಲ ಹೆಸರಿಟ್ಟವರು ಅವರೇ. ಕೈಯಿಂದ ಇಟ್ಟ ಹೆಸರುಗಳು. ಹಾಲಿನವಳಿಗೆ ಮೂಗುತಿ ತಿರುವುವ ಸನ್ನೆ. ನನ್ನ ಹೆಂಡತಿಗೆ, ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುವ ಸನ್ನೆ. ನನ್ನದು ಬೀಗ. ಕೈಯಲ್ಲಿ ಕೀಲಿ ತಿರುವಿ, ಬೀಗ ಜಗ್ಗಿ ನೋಡಿ, ಎರಡು ಹೆಜ್ಜೆ ಹೋದಂತೆ ಮಾಡಿ, ವಾಪಸು ಬಂದು ಮತ್ತೆ ಜಗ್ಗುವುದು. ಅಷ್ಟೂ ಸೇರಿ ಒಂದು ಹೆಸರು. ಕರೆಯುವಷ್ಟರಲ್ಲಿ ನಾನೇ ಎದುರಿಗೆ ಬಂದಿರುತ್ತಿದ್ದೆ. ಮೊದಮೊದಲು ಬೇಜಾರಾಯಿತು. ಆಮೇಲೆ, ನನ್ನನ್ನು ಇಷ್ಟು ಚೆನ್ನಾಗಿ ಯಾರೂ ನೋಡಿರಲಿಲ್ಲ ಅನ್ನಿಸಿತು.

ಅವರ ಯಜಮಾನರು ಅಡುಗೆಯವರು. ಮದುವೆ, ಮುಂಜಿವೆ, ಮಠದ ಆರಾಧನೆ ಅಂತ ಕಂಪ್ಲಿ, ಆನೆಗೊಂದಿ ಕಡೆಯೆಲ್ಲ ಸೌಟು ಹಿಡಿದು ಓಡಾಡುವವರು. ಎಲ್ಲರಿಗೂ ಆಚಾರ್ರು. ಕಿವಿ ಚೆನ್ನಾಗಿತ್ತು, ಬಾಯಿ ಅದಕ್ಕಿಂತ ಚೆನ್ನಾಗಿತ್ತು. ಆದರೆ ಹೆಂಡತಿಯ ಭಾಷೆಯಲ್ಲಿ ಅವರು ಕಲಿತದ್ದು ಅಡುಗೆಮನೆಗೆ ಬೇಕಾದಷ್ಟೇ. ಉಪ್ಪು, ಹುಳಿ, ಸಾಕು, ಇನ್ನಷ್ಟು, ಬೆಂದಿದೆ, ಸೀದಿದೆ. ಇಷ್ಟರಲ್ಲೇ ಅವರ ಸಂಸಾರ ಅರ್ಧ ಆಯುಷ್ಯ ದಾಟಿತ್ತು. ಒಮ್ಮೆ ಅವರಿಗೆ ಜ್ವರ ಬಂದಾಗ ಅಕ್ಕ ಹಣೆ ಮುಟ್ಟಿ ನೋಡಿ 'ಸೀದಿದೆ' ಅಂದರಂತೆ. ಆಚಾರ್ರು ಅದನ್ನು ಹೇಳಿಕೊಂಡು ಓಣಿಯೆಲ್ಲ ನಕ್ಕರು. ಯಾಕೆ ನಗುತ್ತಿದ್ದೀರೆಂದು ಅಕ್ಕ ಕೇಳಿದಾಗ ಹೇಳುವಷ್ಟು ಸನ್ನೆ ಆಚಾರ್ರ ಹತ್ತಿರ ಇರಲಿಲ್ಲ.

ಅಕ್ಕನ ಪೂರಾ ಮಾತು ಬರುತ್ತಿದ್ದುದು ಒಬ್ಬರಿಗೇ, ಅವರ ತಂಗಿಗೆ. ಅವರಿಗೂ ಹುಟ್ಟಿನಿಂದ ಕಿವಿಯಿಲ್ಲ. ಕಂಪ್ಲಿಯ ಮನೆಯಲ್ಲಿ ಎರಡೂ ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸಿರಲಿಲ್ಲ, ಯಾರೂ ಏನೂ ಕಲಿಸಿರಲಿಲ್ಲ. ಇಬ್ಬರೇ ಸೇರಿ ಒಂದು ಭಾಷೆ ಮಾಡಿಕೊಂಡಿದ್ದರು. ತಂಗಿಯನ್ನು ಪುಣೆಗೆ ಕೊಟ್ಟಿದ್ದರು. ಬೇಸಿಗೆಗೊಮ್ಮೆ ಬಂದು ತಿಂಗಳು ಇದ್ದು ಹೋಗುತ್ತಿದ್ದರು. ಆ ತಿಂಗಳು ಅಕ್ಕನ ಕಟ್ಟೆಯ ಮೇಲೆ ಬಳೆಗಳ ಸದ್ದು ನಿಲ್ಲುತ್ತಿರಲಿಲ್ಲ. ನಮ್ಮ ನಿದ್ದೆ ಕೆಡಿಸುವಷ್ಟು ಗದ್ದಲ ಮಾಡುತ್ತಿದ್ದೇವೆಂದು ಅವರಿಬ್ಬರಿಗೂ ಗೊತ್ತೇ ಇರಲಿಲ್ಲ. ನಾವೂ ಹೇಳಲಿಲ್ಲ. ತಂಗಿ ಹೋದ ಮರುದಿನ ಅಕ್ಕ ಕಟ್ಟೆಗೆ ಬರುತ್ತಿರಲಿಲ್ಲ.

ಡಿಶ್ಶು ಹಾಕಿದ ಆ ವರ್ಷ ಮಳೆಗಾಲದ ಮೊದಲಲ್ಲಿ ಅಕ್ಕ ಮಾಳಿಗೆ ಮೆಟ್ಟಿಲಿನಿಂದ ಜಾರಿ ಬಿದ್ದರು. ತೊಡೆಯ ಮೂಳೆ ಮುರಿಯಿತು. ಒಳಗೆ ರಾಡು ಹಾಕಿ, ಮಂಚ ಬಿಟ್ಟು ಇಳಿಯಕೂಡದು ಅಂತ ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಅದಾಗಿ ಸ್ವಲ್ಪ ದಿನಕ್ಕೆ ನಮ್ಮ ಮನೆಗೆ ಪುಣೆಯಿಂದ ಫೋನು ಬಂತು. ಆಚಾರ್ರು ಮನೆಯಲ್ಲಿರುವುದೇ ಅಪರೂಪ, ಅಕ್ಕನಿಗೆ ಫೋನಿನಿಂದ ಪ್ರಯೋಜನವಿಲ್ಲ, ಹಾಗಾಗಿ ಸುದ್ದಿಯೆಲ್ಲ ಬರುವುದು ನಮ್ಮ ಮನೆಗೇ. ತಂಗಿಯ ಮಗಳು ಅಳುತ್ತ ಮಾತಾಡಿದಳು.

"ಮಾಮಾ, ಅವ್ವಗ ಪಾರ್ಶ್ವ ಹೊಡದದ. ಬಲಗೈ ಎತ್ತಲಿಕ್ಕೆ ಬರೂದಿಲ್ಲ. ಎಡಗೈಲೆ ಏನೋ ಮಾಡ್ತಾಳ, ದಿನಾ ಅದನ್ನs ಮಾಡ್ತಾಳ. ಅವ್ವನ ಮಾತು ನನಗ ಬರ್ತದ ಮಾಮಾ, ಹುಟ್ಟಿದಾಗಿಂದ ನೋಡೀನಿ. ಇದು ಅವ್ವನ ಮಾತಲ್ಲ."

ತಲೆಗೇ ಪೆಟ್ಟಾಗಿದೆ, ಬುದ್ಧಿ ಉಳಿದಿಲ್ಲ ಅಂತ ಅಲ್ಲಿಯ ಡಾಕ್ಟರು ಹೇಳಿದ್ದರು. ಮನೆ ಸಣ್ಣದು, ಗಂಡಹೆಂಡತಿ ಇಬ್ಬರೂ ಫ್ಯಾಕ್ಟರಿಗೆ ಹೋಗುವವರು. ಬುದ್ಧಿಯಿಲ್ಲದವರನ್ನು ನೋಡಿಕೊಳ್ಳುವ ಒಂದು ಆಶ್ರಮವಿದೆ, ಭೀಮನ ಅಮಾವಾಸ್ಯೆ ಕಳೆದ ಮೇಲೆ ಅಲ್ಲಿ ಬಿಡಬೇಕು ಅಂತ ಅಳಿಯ ಮಾತಾಡಿ ಬಂದಿದ್ದ. ಕೆಟ್ಟವನಲ್ಲ. ಅವನಿಗೂ ದಾರಿ ಕಾಣುತ್ತಿರಲಿಲ್ಲ.

ಇದನ್ನು ಅಕ್ಕನಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಆಚಾರ್ರು, "ರಾಯರ, ನನ್ನ ಹತ್ರ ಇದಕ್ಕ ಮಾತಿಲ್ಲ" ಅಂತ ಬಾಗಿಲ ಹೊರಗೇ ನಿಂತರು. ನನ್ನ ಹತ್ತಿರ ಇತ್ತೆಂದಲ್ಲ. ಬಲಗೈ ಜೋತು ಬಿಟ್ಟು ತೋರಿಸಿದೆ, ತಲೆ ಮುಟ್ಟಿ ಅಲ್ಲಾಡಿಸಿದೆ. ಅಕ್ಕ ನನ್ನನ್ನೇ ದಿಟ್ಟಿಸಿ ನೋಡಿ, ಒಂದೇ ಪ್ರಶ್ನೆ ಕೇಳಿದರು: ಎಡಗೈ ಏನು ಮಾಡುತ್ತಿದೆ?

ಅಲ್ಲಿಂದ ಶುರುವಾಯಿತು ನೋಡಿ. ನಾನು ಫೋನಿನ ಉದ್ದ ವೈರನ್ನು ಕಾಂಪೌಂಡು ಗೋಡೆ ದಾಟಿಸಿ ಅಕ್ಕನ ಮಂಚದ ತನಕ ಎಳೆದೆ. ಪುಣೆಯಿಂದ ಮಗಳು ತಾಯಿಯ ಕೈ ನೋಡಿ ಹೇಳುವುದು, ನಾನು ರಿಸೀವರನ್ನು ಭುಜಕ್ಕೆ ಒತ್ತಿಕೊಂಡು ಹಾಗೇ ಮಾಡಿ ತೋರಿಸುವುದು. ಹೆಬ್ಬೆರಳು ಒಳಗ ಮಡಚ್ಯಾಳ. ಈಗ ಎರಡು ಬೆರಳು ಕೆಳಗ. ಅಂಗೈ ನಿನ್ನ ಕಡೆನೋ ಆಕಿ ಕಡೆನೋ ಅಂತ ನಾನು ಕೇಳುವಷ್ಟರಲ್ಲಿ ಅದು ಬದಲಾಗಿರುತ್ತಿತ್ತು. ನಾನು ಮಾಡಿದ್ದನ್ನು ಅಕ್ಕ ಕಣ್ಣು ಕಿರಿದು ಮಾಡಿ ನೋಡಿದರು. ಹಸಿದವನ ಮುಂದೆ ಯಾರೋ ಊಟದ ಚಿತ್ರ ಬರೆದ ಹಾಗಿತ್ತು. ಕೊನೆಗೆ ನನ್ನ ಎರಡೂ ಕೈಗಳನ್ನು ಹಿಡಿದು ನಿಲ್ಲಿಸಿ, ಮಡಿಲಿಗೆ ಇಳಿಸಿದರು. ಸಾಕು ಅಂತ. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು.

ಇಂಟರ್ನೆಟ್ಟಿನಲ್ಲಿ ಮುಖ ನೋಡಿ ಮಾತಾಡಬಹುದೆಂದು ನನಗೆ ಗೊತ್ತಿತ್ತು. ನಮ್ಮ ಗಣಿ ಆಫೀಸಿನ ಮಾಲೀಕರು ಅದಿರು ಕೊಳ್ಳುವ ಚೀನಾದವರೊಂದಿಗೆ ಹಾಗೇ ವ್ಯವಹಾರ ಮಾಡುತ್ತಿದ್ದರು. ನಾನು ಅದೇ ಆಫೀಸಿನಲ್ಲಿ ಲೆಕ್ಕ ಬರೆಯುವವನು. ಪುಣೆಯ ಅಳಿಯನ ಮನೆಯಲ್ಲಿ ಕಂಪ್ಯೂಟರ್ ಇತ್ತು, ಲೈನೂ ಇತ್ತು. ಇಲ್ಲಿ ಬಸ್‌ಸ್ಟ್ಯಾಂಡ್ ಹತ್ತಿರದ ನೆಟ್ ಸೆಂಟರ್ ಕಡಿದಾದ ಮೆಟ್ಟಿಲಿನ ಮೇಲೆ. ಆಚಾರ್ರು ಹೆಂಡತಿಯನ್ನು ಕುರ್ಚಿ ಸಮೇತ ಹೊತ್ತೊಯ್ಯುತ್ತೇನೆಂದು ಪಂಚೆ ಎತ್ತಿ ಕಟ್ಟಿದರು. ರಾಡು ಸರಿದರೆ ಕಾಲೇ ಹೋಗುತ್ತದೆಂದು ಡಾಕ್ಟರು ಬೈದು ಕಳಿಸಿದರು. ಫೋನಿನ ವೈರಿನಲ್ಲೇ ಇಂಟರ್ನೆಟ್ ಕೊಡುತ್ತಾರಂತಲ್ಲ ಅಂತ ಟೆಲಿಫೋನ್ ಆಫೀಸಿನಲ್ಲಿ ವಿಚಾರಿಸಿದರೆ, ನಿಮ್ಮ ಏರಿಯಾದ ಕೇಬಲ್ಲೆಲ್ಲ ರಸ್ತೆ ಅಗಲ ಮಾಡುವಾಗ ಹರಿದುಹೋಗಿದೆ, ಮಾತು ಕೇಳಿಸುತ್ತಿರುವುದೇ ಹೆಚ್ಚು ಅಂದರು. ದಿನ ಹೋಗುತ್ತಿತ್ತು. ಅಕ್ಕ ಊಟ ಬಿಟ್ಟಿದ್ದರು. ಆಚಾರ್ರು ತಟ್ಟೆ ಹಿಡಿದು 'ಉಪ್ಪು ಸರಿ ಇದೆ, ಬೆಂದಿದೆ' ಅಂತ ಸನ್ನೆ ಮಾಡುತ್ತಾ ಮಂಚದ ಪಕ್ಕ ನಿಂತಿರುತ್ತಿದ್ದರು. ಅವರಿಗೆ ಬರುತ್ತಿದ್ದುದು ಅಷ್ಟೇ.

ಉಳಿದದ್ದು ನಮ್ಮ ಆಫೀಸಿಗೆ ಇಂಟರ್ನೆಟ್ ಕೊಟ್ಟಿದ್ದ ವೈರ್‌ಲೆಸ್ಸಿನವನು. ಕುರೆಕುಪ್ಪದವನು, ನಡುವಯಸ್ಸಿನವನು. ಜಂಬುನಾಥನ ಗುಡ್ಡದ ಟವರಿನಿಂದ ಗಣಿ ಆಫೀಸುಗಳ ಮಾಳಿಗೆಗೆ, ತೂಕದ ಕಾಟಾಗಳಿಗೆ, ಗಾಳಿಯಲ್ಲೇ ಇಂಟರ್ನೆಟ್ ಕಳಿಸುತ್ತಿದ್ದ. ಮನೆಗಳಿಗೆ ಕೊಡುವುದಿಲ್ಲ ಅಂತ ಮೊದಲೇ ಕೈಯೆತ್ತಿದ. ನಾನು ಬಿಡಲಿಲ್ಲ. ನನ್ನ ಮುಖದಲ್ಲಿ ಏನು ಕಂಡಿತೋ, ಟೆಸ್ಟಿಂಗ್ ಅಂತ ಹಾಕಿಕೊಡ್ತೀನಿ, ಯಾರಿಗೂ ಹೇಳಬೇಡಿ ಅಂದು ಬಂದ. ಅಕ್ಕನ ಮಾಳಿಗೆ ಹತ್ತಿ ಗುಡ್ಡದ ಕಡೆ ನೋಡಿ, ಹಾಗೇ ಇಳಿದ.

"ಆಗಂಗಿಲ್ರಿ ಸರ. ಇದಕ್ಕ ಟವರ್ ಕಣ್ಣಿಗೆ ಕಾಣ್ಬೇಕು. ಕಂಡ್ರ ಮಾತಾಡ್ತೈತಿ, ಕಾಣ್ಲಿಲ್ಲಂದ್ರ ಇಲ್ಲ. ನಡುವ ಆ ಮೂರಂತಸ್ತಿನ ಮನಿ ಐತಲ್ರಿ."

ಗಾಳಿಯಲ್ಲಿ ಹೋಗುವುದಕ್ಕೆ ಗೋಡೆ ಯಾಕೆ ಅಡ್ಡ, ರೇಡಿಯೋ ಮನೆಯೊಳಗೂ ಕೇಳುವುದಿಲ್ಲವೇ ಅಂತ ನಾನೂ ಆಚಾರ್ರೂ ಅವನೊಂದಿಗೆ ವಾದಕ್ಕಿಳಿದೆವು. ಮಂಚದಿಂದ ಅಕ್ಕ ಏನೆಂದು ಕೇಳಿದರು. ನಾನು ಎರಡು ಕಣ್ಣು, ನಡುವೆ ಗೋಡೆ, ಅಂತ ಕೈಯಲ್ಲಿ ತೋರಿಸಿದೆ. ಅವರು ಒಪ್ಪಿ ತಲೆಯಾಡಿಸಿದರು. ಗೋಡೆ ಅಡ್ಡ ಬಂದರೆ ಮಾತು ನಿಲ್ಲುತ್ತದೆ ಅನ್ನುವುದು ಅವರಿಗೆ ಹೊಸ ಸುದ್ದಿಯೇನಲ್ಲ. ಅಷ್ಟು ಹೊತ್ತು ವಾದ ಮಾಡಿದ ನಮ್ಮಿಬ್ಬರನ್ನು ಏನು ದಡ್ಡರಪ್ಪಾ ಅನ್ನುವ ಹಾಗೆ ನೋಡಿದರು.

ಆ ಮೂರಂತಸ್ತಿನ ಮನೆ ಎದುರಿನ ಲಾರಿ ಮಾಲೀಕನದು. ಅದಿರಿನ ಕಾಲ ಬರುವ ಮುಂಚೆ ಅವನು ಸಂಡೂರು ರಸ್ತೆಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದ. ಅಕ್ಕ ಅವನಿಗೆ ಅವತ್ತೇ ಹೆಸರಿಟ್ಟಿದ್ದರು: ಎರಡೂ ಕೈಯಲ್ಲಿ ಪಂಪು ಹಿಡಿದು ಗಾಳಿ ಹೊಡೆಯುವುದು. ಈಗ ಅವನ ಲಾರಿಗಳು ಬೇಲೆಕೇರಿ ಬಂದರಿಗೆ ಸಾಲು ಹಿಡಿದು ಹೋಗುತ್ತಿದ್ದವು. ಕೊರಳಲ್ಲಿ ಬೆರಳು ದಪ್ಪ ಚೈನು. ಅವನು ಕಾರಿನಿಂದ ಇಳಿದಾಗೆಲ್ಲ ಅಕ್ಕ ಕಟ್ಟೆಯ ಮೇಲಿಂದ ಪ್ರೀತಿಯಿಂದಲೇ ಪಂಪು ಹೊಡೆಯುತ್ತಿದ್ದರು. ಓಣಿಯ ಮಕ್ಕಳೂ ಕಲಿತಿದ್ದರು. ಅವನಿಗೆ ಮೈಯೆಲ್ಲ ಉರಿಯುತ್ತಿತ್ತು.

ಅವನ ಮಾಳಿಗೆ ಕೇಳಲು ನಾನೇ ಹೋದೆ. ಅವನು ಪೂರಾ ಕೇಳಿಸಿಕೊಂಡ. ಆಮೇಲೆ ಎದ್ದು, ನನ್ನೊಂದಿಗೆ ರಸ್ತೆ ದಾಟಿ, ಅಕ್ಕನ ಮಂಚದ ಮುಂದೆ ಬಂದು ನಿಂತ.

"ಪೈಪ್ ಹಾಕ್ಕೋರಿ ಸಾಹೇಬ್ರ, ನಮ್ಮ ಮನಿ ಮ್ಯಾಲಿಂದ ವೈರ್ ಎಳ್ಕೊಳ್ರಿ, ನಂದೇನಿಲ್ಲ. ಆದ್ರ ಅಕ್ಕಗ ಒಂದು ಮಾತು ಹೇಳ್ರಿ. ನನ್ನ ಹೆಸ್ರು ಬದ್ಲಿ ಮಾಡ್ಲಿ. ಸ್ಟೇರಿಂಗ್ ತಿರುವಿದಂಗ ಮಾಡ್ಲಿ. ಅಷ್ಟು ಮಾಡಿದ್ರ ಸಾಕು."

ನಾನು ಅಕ್ಕನಿಗೆ ಅದನ್ನು ತಿಳಿಸಿದೆ. ಮನಸ್ಸಿನಲ್ಲಿ, ಹೂಂ ಅಂದುಬಿಡಿ, ಹೆಸರಿಗೇನು, ನನ್ನನ್ನು ಬೇಕಾದರೆ ಕತ್ತೆ ಅನ್ನಿ, ಅಂತ ಬೇಡಿಕೊಳ್ಳುತ್ತಿದ್ದೆ. ಊಟ ಬಿಟ್ಟು ಬತ್ತಿದ್ದ ಆ ಮುಖ ಅವನನ್ನು ಬಹಳ ಹೊತ್ತು ನೋಡಿತು. ತಲೆ ಅಡ್ಡಡ್ಡ ಆಡಿತು. ಆಗುವುದಿಲ್ಲ.

ಅಕ್ಕ ಕಾರಣವನ್ನೂ ಹೇಳಿದರು, ನನಗೂ ಅರ್ಥವಾಗುವ ಹಾಗೆ ನಿಧಾನವಾಗಿ. ತಂಗಿಗೆ ಇವನು ಪಂಪಿನವನಾಗಿಯೇ ಗೊತ್ತು. ಯಾರ ಮನೆಯ ಮೇಲಿಂದ ನಾವು ಮಾತಾಡುತ್ತಿದ್ದೇವೆ ಅಂತ ಅವಳು ಕೇಳುತ್ತಾಳೆ. ಸ್ಟೇರಿಂಗ್ ಅಂದರೆ ಯಾರೆಂದು ತಿಳಿಯುತ್ತದೆ ಅವಳಿಗೆ? ಒಮ್ಮೆ ಅವಳು ಬರುತ್ತಿದ್ದ ರಿಕ್ಷಾದ ಗಾಲಿ ಪಂಕ್ಚರಾದಾಗ ಬಿಸಿಲಲ್ಲಿ ಕೂತು ಹಚ್ಚಿಕೊಟ್ಟವನು ಪಂಪಿನವನು.

ನಾನು ಅದನ್ನು ತಡವರಿಸುತ್ತ ಅವನಿಗೆ ಹೇಳಿದೆ. ಅವನು ಚೈನು ತಿರುವುತ್ತ, "ಆಕಿಗಿನ್ನೂ ನೆನಪೈತೇನ್ರಿ ಅದು" ಅಂದ. ಸಂಜೆಯೊಳಗೆ ಅವನದೇ ವರ್ಕ್‌ಶಾಪಿನಿಂದ ಪೈಪು ಬಂತು.

ಮರುದಿನ ಮಧ್ಯಾಹ್ನ ವೈರ್‌ಲೆಸ್ಸಿನವನು ಡಿಶ್ಶನ್ನು ಗುಡ್ಡದ ಕಡೆ ತಿರುಗಿಸಿ, ಕೂದಲೆಳೆಯಷ್ಟು ಆ ಕಡೆ ಈ ಕಡೆ ಸರಿಸಿ ನಟ್ಟು ಬಿಗಿದ. ವೈರು ರಸ್ತೆಯ ಮೇಲಿಂದ ಅಕ್ಕನ ಕಿಟಕಿಗೆ ಬಂತು. ಕ್ಯಾಮೆರಾ ಸಿಕ್ಕಿಸಿದ ಕಂಪ್ಯೂಟರನ್ನು ಮಂಚದ ಎದುರು, ಆಚಾರ್ರು ಹಪ್ಪಳ ಲಟ್ಟಿಸುವ ಮಣೆಯ ಮೇಲೆ ಇಟ್ಟೆವು. ಅಮಾವಾಸ್ಯೆ ಮರುದಿನವೇ ಇತ್ತು. ಪರದೆ ಕಪ್ಪಾಗಿತ್ತು, ಬೂದಿಯಾಯಿತು, ಆಮೇಲೆ ಒಂದು ಹಾಸಿಗೆ ಕಂಡಿತು.

ತಂಗಿಯ ಮುಖ ಒಂದು ಕಡೆ ಜೋತಿತ್ತು. ಬಲಗೈ ದಿಂಬಿನ ಪಕ್ಕ ಯಾರೋ ಮರೆತು ಬಿಟ್ಟುಹೋದ ಸಾಮಾನಿನ ಹಾಗೆ ಬಿದ್ದಿತ್ತು. ಎಡಗೈ ಮಾತ್ರ ಸೊಂಟದ ಹತ್ತಿರ, ಹೊದಿಕೆಗೆ ಅಂಟಿಕೊಂಡೇ, ಸಣ್ಣದಾಗಿ ಆಡುತ್ತಿತ್ತು. ಬೆರಳು ಮಡಚುವುದು, ಬಿಚ್ಚುವುದು, ಹೊರಳಿಸುವುದು. ನನಗೆ ಅದು ಮಾತು ಅನ್ನಿಸಲಿಲ್ಲ. ಆಚಾರ್ರು ಕಣ್ಣೊರೆಸಿಕೊಂಡು ಹೊರಗೆ ಹೋದರು.

ಅಕ್ಕ ಅಲ್ಲಾಡದೆ ನೋಡಿದರು. ಆಮೇಲೆ ತಮ್ಮ ಬಲಗೈಯನ್ನು ಸೊಂಟದ ಮೇಲೆ ಬಳಸಿಟ್ಟರು, ಏನನ್ನೋ ಎತ್ತಿ ಹಿಡಿದವರ ಹಾಗೆ. ಎಡಗೈ ತೊಡೆಯ ಪಕ್ಕಕ್ಕೆ ಇಳಿಯಿತು, ಬೆರಳು ಸಣ್ಣಗೆ ಆಡತೊಡಗಿದವು. ಪರದೆಯೊಳಗಿನ ಕೈ ಥಟ್ಟನೆ ನಿಂತಿತು. ಜೋತ ಮುಖದ ಕಣ್ಣು ಅರಳಿದವು. ಮತ್ತೆ ಅಲ್ಲಿ ಬೆರಳು ಆಡಿದವು, ಇಲ್ಲಿ ಆಡಿದವು, ಸರಸರ, ಒಂದರ ಮೇಲೊಂದು.

ಅದು ಕೊಡದ ಮಾತು. ಅಕ್ಕ ಆಮೇಲೆ ನನಗೆ ತಿಳಿಸಿ ಹೇಳಿದರು. ಕಂಪ್ಲಿಯಲ್ಲಿ ಇಬ್ಬರೂ ಹುಡುಗಿಯರಾಗಿದ್ದಾಗ ಹೊಳೆಯಿಂದ ನೀರು ತರುತ್ತಿದ್ದರಂತೆ. ಬಲಗಡೆ ಸೊಂಟದಲ್ಲಿ ಕೊಡ, ಆ ಕೈ ಕೊಡಕ್ಕೆ. ಉಳಿದ ಎಡಗೈಯಲ್ಲೇ, ಲಂಗದ ಮಡಿಕೆಯಲ್ಲಿ ಮರೆಮಾಡಿಕೊಂಡು, ದಾರಿಯಲ್ಲಿ ಸಿಕ್ಕವರನ್ನೆಲ್ಲ ಆಡಿಕೊಳ್ಳುತ್ತಾ ಬರುತ್ತಿದ್ದರಂತೆ. ಮನೆಗೆ ನಲ್ಲಿ ಬಂದ ಮೇಲೆ ಆ ಮಾತು ಬಿಟ್ಟುಹೋಗಿತ್ತು. ಪುಣೆಯಲ್ಲಿ ಹುಟ್ಟಿದ ಮಗಳು ತಾಯಿ ಕೊಡ ಹೊತ್ತದ್ದನ್ನು ನೋಡಿಯೇ ಇರಲಿಲ್ಲ.

ಅಕ್ಕ ನನ್ನ ಕಡೆ ತಿರುಗಿದರು. ಅಷ್ಟು ದಿನದಿಂದ ತಂಗಿ ಕೇಳುತ್ತಿದ್ದುದನ್ನು ಹೇಳಿದರು. ನಾನು ಫೋನಿನಲ್ಲಿ ಮಗಳಿಗೆ ಹೇಳಿದೆ: "ಅವ್ವಂದು ಹಾಸಿಗೆ ತಿರುಗಿಸಮ್ಮ. ಗೋಡೆ ಕಡೆ ಮುಖ ಮಾಡಿ ಮಲಗಿಸೀರಂತ. ಬಾಗಿಲಾಗ ಯಾರು ಬಂದ್ರು, ಯಾರು ಹೋದ್ರು ಕಾಣಂಗಿಲ್ಲಂತ. ಎಚ್ಚರಾದಾಗೆಲ್ಲ ಮನ್ಯಾಗ ಯಾರೂ ಇಲ್ಲಂತ ಅಂಜಿಕಿ ಬರ್ತದಂತ."

ಆ ಕಡೆ ಮಗಳೂ ಅಳಿಯನೂ ಸೇರಿ ಮಂಚ ಎಳೆಯುವ ಕರಕರ ಸದ್ದು ಕೇಳಿತು, ಆಮೇಲೆ ಪರದೆಯಲ್ಲಿ ತಂಗಿಯ ಹಿಂದೆ ಗೋಡೆ ಬಂತು. ಆಶ್ರಮದ ಮಾತು ಅಲ್ಲಿಗೇ ಮುಗಿಯಿತು. ಹೋದ ತಿಂಗಳು ಅಕ್ಕನ ಸುದ್ದಿ ತಿಳಿಸಲು ಫೋನು ಮಾಡಿದಾಗಲೂ ಆ ಮಂಚ ಬಾಗಿಲಿಗೇ ಮುಖ ಮಾಡಿಕೊಂಡಿದೆಯೆಂದು ಮಗಳು ಹೇಳಿದಳು. ಈಗ ಅವಳಿಗೂ ಎಡಗೈಯ ಮಾತು ಬರುತ್ತದೆ.

ಅವತ್ತು ಮಧ್ಯಾಹ್ನ ಅಕ್ಕ ತಂಗಿ ಎಷ್ಟು ಹೊತ್ತು ಮಾತಾಡಿದರೋ. ನಡುವೆ ಒಮ್ಮೆ ಪಂಪು ಹೊಡೆದದ್ದು ಮಾತ್ರ ನನಗೆ ತಿಳಿಯಿತು. ತಂಗಿಯ ಮುಖದ ಸರಿಯಿದ್ದ ಅರ್ಧ ನಕ್ಕಿತು. ವೈರ್‌ಲೆಸ್ಸಿನವನ ಪೆಟ್ಟಿಗೆಯಲ್ಲಿ ಹಸಿರು ದೀಪಗಳು ಒಂದೂ ತಪ್ಪದೆ ಮಿನುಗುತ್ತಿದ್ದವು. ನಾನು ಅವನ್ನೇ ಕಾಯುತ್ತ ಕೂತಿದ್ದೆ, ಈಗ ಆರುತ್ತವೆ, ಈಗ ಆರುತ್ತವೆ ಅಂತ. ಆರಲಿಲ್ಲ.

ಅಕ್ಕ ಏನೋ ಕೇಳಿದರು. ತಂಗಿ ಉತ್ತರ ಕೊಡುವ ಮೊದಲೇ ದಣಿದು ಕಣ್ಣು ಮುಚ್ಚಿದರು. ಕಣ್ಣು ಮುಚ್ಚಿದವರನ್ನು ಅಕ್ಕ ಕೂಗುವ ಹಾಗಿಲ್ಲ. ಪಕ್ಕದಲ್ಲಿದ್ದರೆ ಏನು ಮಾಡುತ್ತಿದ್ದರೋ ಅದನ್ನೇ ಮಾಡಿದರು. ಮುಂದಕ್ಕೆ ಬಾಗಿ, ಕೈಚಾಚಿ, ಪರದೆಯಲ್ಲಿ ತಂಗಿಯ ಭುಜವಿದ್ದ ಕಡೆ ಎರಡು ಬೆರಳಿನಿಂದ ತಟ್ಟಿದರು. ತಂಗಿ ತಿರುಗಲಿಲ್ಲ. ಸ್ವಲ್ಪ ಜೋರಾಗಿ ತಟ್ಟಿದರು. ಮಗಳಿಗೆ ಹೇಳಿ ಎಬ್ಬಿಸೋಣ ಅಂತ ನಾನು ರಿಸೀವರಿಗೆ ಕೈ ಹಾಕಿದೆ. ಅಕ್ಕ ನನ್ನ ಮಣಿಕಟ್ಟು ಹಿಡಿದು ಬೇಡವೆಂದರು. ಇನ್ನೊಂದು ಕೈ ಪರದೆಯ ಮೇಲೆಯೇ ಇತ್ತು.

ಆ ದಿನ ತಪ್ಪಿಹೋದದ್ದು ಅದೊಂದೇ. ತಟ್ಟಿದ್ದು ಪುಣೆಗೆ ಮುಟ್ಟಲಿಲ್ಲ.